ಹಸಿ ಮೀನಿಗೆ ಮೂರು ಶಹಬ್ಬಾಸ್

ಹಸೈನಾರ್ ಬಾಯಿಗಿಟ್ಟು ಕಚ್ಚಿದ್ದು ಟವೆಲ್ಲನ್ನು.

ನಗುವ ಮೊದಲು ಅವರ ಕಡೆಯ ವಾದವನ್ನೂ ಸ್ವಲ್ಪ ಕೇಳಬೇಕು. ಕತಾರ್‌ನ ಒಂದು ಜಪಾನಿ ಅಂಗಡಿಯಲ್ಲಿ ಕೂತಿದ್ದ ಅವರ ಎದುರಿಗೆ ಒಂದು ಪುಟ್ಟ ಮರದ ತಟ್ಟೆ. ಅದರ ಮೇಲೆ ಬೆಳ್ಳಗೆ, ತೆಳ್ಳಗೆ, ಸುರುಳಿ ಸುತ್ತಿಕೊಂಡು, ಹಬೆಯಾಡುತ್ತಾ ಮಲಗಿದ್ದ ಒಂದು ವಸ್ತು. ಪಕ್ಕದ ಪಿಂಗಾಣಿ ಬಟ್ಟಲಿನಲ್ಲಿ ಕಪ್ಪಗೆ ಮಿನುಗುವ ಏನೋ ಪಾಕ. ಉಳ್ಳಾಲದಲ್ಲಿ ಹುಟ್ಟಿ ಬೆಳೆದ, ಅಂದು ಬೇಕೆಂದೇ ಮಧ್ಯಾಹ್ನದ ಊಟ ಬಿಟ್ಟು ಬಂದಿದ್ದ ಐವತ್ತನಾಲ್ಕು ವರ್ಷದ ಮನುಷ್ಯ ಇದನ್ನು ನೀರ್‌ದೋಸೆ ಮತ್ತು ಜೋನಿ ಬೆಲ್ಲ ಎಂದು ತಿಳಿಯದೆ ಇನ್ನೇನೆಂದು ತಿಳಿಯಬೇಕು? ಜಪಾನಿನವರಿಗೂ ನೀರ್‌ದೋಸೆ ಗೊತ್ತುಂಟಲ್ಲ ಎಂದು ಒಂದು ಕ್ಷಣ ಆ ದೇಶದ ಮೇಲೆ ಅವರಿಗೆ ಅಭಿಮಾನವೇ ಉಕ್ಕಿತ್ತು. ತುದಿಯನ್ನು ಪಾಕದಲ್ಲಿ ಅದ್ದಿ, ಕಚ್ಚಿ ಎಳೆದರು. ದೋಸೆ ಹರಿಯಲಿಲ್ಲ. ಇನ್ನೊಮ್ಮೆ ಎಳೆದರು. ದೋಸೆಯ ಬದಲು ಹೋದ ವರ್ಷ ಕಟ್ಟಿಸಿದ ಹಲ್ಲು ಹೊರಡುವ ಸೂಚನೆ ಕೊಟ್ಟಿತು.

"ಎಂತ ಮಾಡುವುದು ನೀವು?" ಪಕ್ಕದ ಸ್ಟೂಲಿನಿಂದ ಹೆಂಡತಿ ಸಕೀನಾ ಪಿಸುಗುಟ್ಟಿದರು. "ಅದು ಕೈ ಒರೆಸುವ ಬಟ್ಟೆ!"

"ಗೊತ್ತುಂಟು," ಬಾಯಲ್ಲಿ ಬಟ್ಟೆ ಇಟ್ಟುಕೊಂಡೇ ಹಸೈನಾರ್ ಹೇಳಿದರು. "ತುಟಿ ಒರೆಸಿದ್ದು."

"ಹಲ್ಲಿನಲ್ಲಿ ಹಿಡಿದು ಒರೆಸುವುದಾ?"

ಸಕೀನಾ ತಮ್ಮ ಪಾಲಿನ ಬಟ್ಟೆಯಲ್ಲಿ ಬೆರಳು ಬೆರಳನ್ನೂ ಒರೆಸಿಕೊಂಡು, ಮಡಚಿ, ಹುಟ್ಟಿದಾರಭ್ಯ ಟೋಕಿಯೋದಲ್ಲೇ ಇದ್ದವರಂತೆ ಕೂತಿದ್ದರು. ಕೌಂಟರಿನ ಆಚೆ, ತಲೆಗೆ ನೀಲಿ ಬಟ್ಟೆ, ಮುಖದ ಮುಕ್ಕಾಲು ಪಾಲಿಗೆ ಮಾಸ್ಕು ಕಟ್ಟಿಕೊಂಡ ಬಾಣಸಿಗ ಇದೆಲ್ಲವನ್ನೂ ನೋಡಿದ. ಹುಬ್ಬು ಕೂಡ ಅಲ್ಲಾಡಿಸದೆ ಕಲೆಯಾದ ಟವೆಲ್ಲನ್ನು ಎತ್ತಿಕೊಂಡು, ಬಿಸಿಬಿಸಿ ಇನ್ನೊಂದನ್ನು ತಂದು ಅದೇ ತಟ್ಟೆಯ ಮೇಲಿಟ್ಟ. ಎರಡನೇ ದೋಸೆ ಬಡಿಸಿದ ಹಾಗೆ.

ಹಸೈನಾರ್ ಕಾಲು ಅಲ್ಲಾಡಿಸಿದರು. ಆ ಸ್ಟೂಲು ಎಷ್ಟು ಎತ್ತರವೆಂದರೆ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಅಲ್ಲಾಡಿಸಿದರೆ ಸ್ಟೂಲೇ ತಿರುಗುತ್ತಿತ್ತು. ಹಾಗಾಗಿ ಅವರು ಒಮ್ಮೆ ಸಕೀನಾಳ ಕಡೆಗೆ, ಒಮ್ಮೆ ಎದುರಿನ ಖರ್ಜೂರದ ಅಂಗಡಿಯ ಕಡೆಗೆ, ಮನೆಯ ಟೇಬಲ್ ಫ್ಯಾನಿನಂತೆ ಮುಖ ತಿರುಗಿಸುತ್ತಾ ಕೂತರು.

ಇಲ್ಲಿಗೆ ಬಂದು ಈ ಬಟ್ಟೆ ಕಚ್ಚುವ ಸ್ಥಿತಿ ಅವರಿಗೆ ಒಂದೇ ದಿನದಲ್ಲಿ ಒದಗಿದ್ದಲ್ಲ. ಅದಕ್ಕೆ ಇಪ್ಪತ್ತೆರಡು ದಿನ ಹಿಡಿದಿತ್ತು.

ಹಸೈನಾರರ ಮನೆತನದಲ್ಲಿ ಗಂಡಸರು ಊಟವನ್ನು ಹೊಗಳುವ ಪದ್ಧತಿ ಇರಲಿಲ್ಲ. ಅವರ ಅಜ್ಜ ಒಳ್ಳೆಯ ಸಾರು ಉಂಡರೆ ಒಮ್ಮೆ ಕೆಮ್ಮುತ್ತಿದ್ದರು. ತಂದೆ ಒಂದು ಹೆಜ್ಜೆ ಮುಂದೆ ಹೋಗಿ 'ಹ್ಞೂಂ' ಎನ್ನುತ್ತಿದ್ದರು. ಈ ಪರಂಪರೆಯಲ್ಲಿ ಮಹಾಕ್ರಾಂತಿ ಮಾಡಿದವರು ಹಸೈನಾರೇ. ಮದುವೆಯಾದ ಹೊಸದರಲ್ಲಿ ಸಕೀನಾ ಮಾಡಿದ ಬಂಗುಡೆ ಸಾರು ಉಂಡು, ಐದೂ ಬೆರಳು ನೆಕ್ಕಿ, "ಪರವಾಗಿಲ್ಲ" ಎಂದುಬಿಟ್ಟಿದ್ದರು. ಅದಾಗಿ ಇಪ್ಪತ್ತೇಳು ವರ್ಷ. ಪರವಾಗಿಲ್ಲದಿಂದ ಮೇಲಕ್ಕೆ ಅವರ ನಾಲಿಗೆ ಒಂದು ಮೆಟ್ಟಿಲೂ ಹತ್ತಿರಲಿಲ್ಲ. (ಕೆಳಕ್ಕೆ ಮಾತ್ರ ಲಿಫ್ಟಿನಂತೆ ಸರ್ರನೆ ಇಳಿಯುತ್ತಿತ್ತು.)

ಹೀಗಿರುವಾಗ ಒಂದು ಶುಕ್ರವಾರ ಸಕೀನಾಳ ತಮ್ಮ ಇಸ್ಮಾಯಿಲ್ ತಾನು ವಾಸವಿದ್ದ ಮುಐದರ್‌ನಿಂದ ಅಲ್ ಸದ್ದ್‌ನ ಇವರ ಫ್ಲಾಟಿಗೆ ಊಟಕ್ಕೆ ಬಂದ. ನಾಲ್ಕು ಬಂಗುಡೆಗಳ ಮುಳ್ಳನ್ನು ತಟ್ಟೆಯ ಅಂಚಿನಲ್ಲಿ ಸಾಲಾಗಿ ಜೋಡಿಸಿ, "ಅಕ್ಕಾ, ಇಂಥ ಸಾರು ಇಡೀ ಕತಾರ್‌ನಲ್ಲಿ ಇಲ್ಲ" ಎಂದ. ಅಷ್ಟಕ್ಕೇ ಸುಮ್ಮನಿರಬೇಕಿತ್ತು. "ಅಲ್ವಾ ಭಾವ?" ಎಂದು ಬೇರೆ ಕೇಳಿದ.

"ಪರವಾಗಿಲ್ಲ," ಹಸೈನಾರ್ ಹೇಳಿದರು. "ಉಪ್ಪು ಒಂದು ಕಲ್ಲು ಕಡಿಮೆ. ನೀನು ನನ್ನ ಉಮ್ಮನ ಸಾರು ತಿನ್ನಬೇಕಿತ್ತು ಮಾರಾಯ."

ಸಕೀನಾ ನಗುತ್ತಲೇ ಸಾರಿನ ಪಾತ್ರೆಗೆ ಮುಚ್ಚಳ ಹಾಕಿ ಒಳಗಿಟ್ಟರು. ಅಪಾಯ ಇದ್ದದ್ದೇ ಅಲ್ಲಿ.

ಶನಿವಾರ ದಾಲ್ ಆಯಿತು. ಭಾನುವಾರ ಕ್ಯಾಬೇಜು. ಸೋಮವಾರ ಮೊಟ್ಟೆ. ಮಂಗಳವಾರ ಅದೇ ಕ್ಯಾಬೇಜು ಮೊಟ್ಟೆಯ ಜೊತೆ ಕೈ ಹಿಡಿದುಕೊಂಡು ಬಂದಾಗ ಹಸೈನಾರ್ ಕೆಮ್ಮಿದರು. (ಅಜ್ಜನ ಅರ್ಥದಲ್ಲಿ ಅಲ್ಲ.)

"ಮಾರ್ಕೆಟಿಗೆ ಮೀನು ಬರುವುದಿಲ್ವಾ ಈಗ?"

"ಬರ್ತದೆ."

"ಮತ್ತೆ?"

"ಪರವಾಗಿಲ್ಲದ್ದನ್ನು ಯಾಕೆ ಕಷ್ಟಪಟ್ಟು ಮಾಡುವುದು?" ಸಕೀನಾ ಶಾಂತವಾಗಿ ಹೇಳಿದರು. "ಇಪ್ಪತ್ತೇಳು ವರ್ಷ ಪರೀಕ್ಷೆ ಬರೆದೆ. ಬರೀ ಪಾಸ್ ಮಾರ್ಕು. ಅದೂ ತಮ್ಮನ ಎದುರಿಗೆ ಓದಿ ಹೇಳುವುದು. ಇನ್ನು ಪರೀಕ್ಷೆಗೆ ಕೂತುಕೊಳ್ಳುವುದಿಲ್ಲ. ಖಲಾಸ್."

ಕರಾವಳಿಯ ಮನುಷ್ಯನಿಗೆ ಮೀನು ನಿಂತರೆ ಏನಾಗುತ್ತದೆ ಎಂಬುದನ್ನು ಯಾವ ವೈದ್ಯರೂ ಇನ್ನೂ ಸರಿಯಾಗಿ ಬರೆದಿಟ್ಟಿಲ್ಲ. ಹಸೈನಾರರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮುಶೈರಿಬ್‌ನ ಒಂದು ಏಸಿ ಕಂಪನಿಯಲ್ಲಿ ಅವರು ಸ್ಟೋರ್‌ಕೀಪರು. ಅಲ್ಲಿ ಒಂದೇ ವಾರದಲ್ಲಿ ಸ್ಕ್ರೂಗಳನ್ನು ಮೂರು ಸಲ ಬೇರೆ ಬೇರೆ ಡಬ್ಬಗಳಿಗೆ ವರ್ಗಾಯಿಸಿದರು. ಮನೆಯಲ್ಲಿ ಹಾಲಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಫ್ರಿಜ್ಜಿಗೆ, ಫ್ರಿಜ್ಜಿನಿಂದ ಹಾಲಿಗೆ ತಿರುಗಿದರು. ಅವರ ಫ್ಲಾಟು ಐದನೇ ಮಹಡಿಯಲ್ಲಿ. ಮೂರನೆಯದರಲ್ಲಿ ಒಂದು ಮಲಯಾಳಿ ಕುಟುಂಬ ದಿನಾ ಮೀನು ಹುರಿಯುತ್ತದೆ. ಹಸೈನಾರ್ ದಿನಾ ಮೂರರಲ್ಲೇ ಲಿಫ್ಟಿನಿಂದ ಇಳಿದು, ಗಾಳಿ ಎಳೆದುಕೊಂಡು, ಉಳಿದ ಎರಡು ಮಹಡಿ ನಡೆದು ಹತ್ತತೊಡಗಿದರು. ವ್ಯಾಯಾಮ ಎಂದರು. ಒಂದು ದಿನ ತಡೆಯಲಾರದೆ ಹೊಟೇಲಿನಲ್ಲಿ ಮೀನು ಸಾರು ತಿಂದು ಬಂದರೆ, ಸಕೀನಾ ಬಾಗಿಲಲ್ಲೇ ಬೆರಳಿನ ಬಣ್ಣ ನೋಡಿ, "ಹೇಗಿತ್ತು? ಪರವಾಗಿಲ್ವಾ?" ಎಂದು ಕೇಳಿ ಒಳಗೆ ಹೋದರು. ತಿಂದದ್ದು ಅಲ್ಲೇ ಎದೆಯಲ್ಲಿ ನಿಂತಿತು.

ಮದ್ದು ಅವರಿಗೆ ಗೊತ್ತಿತ್ತು. 'ನಿನ್ನ ಸಾರು ಚೆನ್ನಾಗಿರುತ್ತದೆ' ಎಂದು ಒಂದು ಮಾತು. ಆದರೆ ಆ ಮಾತು ಬೂತಾಯಿ ಮೀನಿನ ಮುಳ್ಳಿನ ಹಾಗೆ ಗಂಟಲಿಗೆ ಅಡ್ಡ ನಿಂತುಬಿಟ್ಟಿತ್ತು. ಈಗ ಹೇಳಿದರೆ ಸೋತ ಹಾಗೆ. ಸೋಲದೆ ಹೇಳುವ ದಾರಿಯೊಂದು ಬೇಕಿತ್ತು.

ಆ ದಾರಿ ತೋರಿಸಿದ್ದು ಬಸವಲಿಂಗ. ಬಾಗಲಕೋಟೆ ಕಡೆಯ, ಅದೇ ಕಂಪನಿಯಲ್ಲಿ ಡ್ರಾಯಿಂಗ್ ಹಾಕುವ, ಈರುಳ್ಳಿಯನ್ನೂ ವಿಚಾರಿಸಿ ತಿನ್ನುವ ಸಸ್ಯಾಹಾರಿ.

"ಏನ್ರೀ ಸಾಹೇಬ್ರ, ಮಾರಿ ಯಾಕ ಹಿಂಗ ಸೊರಗೇತಿ?" ಎಂದು ಶುರುಮಾಡಿದ ಬಸವಲಿಂಗ ತನ್ನದೇ ಗೋಳು ತೋಡಿಕೊಂಡ. "ನಿನ್ನೆ ನಮ್ಮ ಮ್ಯಾನೇಜರ್ ಒಂದ್ ಕಡೆ ಊಟಕ್ಕ ಕರ್ಕೊಂಡ್ ಹೋಗಿದ್ರು. ಆ ದೊಡ್ಡ ಫುಡ್ ಮಾರ್ಕೆಟ್ ಐತೆಲ್ಲಾ, ಅದರ ಒಳಗ ಜಪಾನಿನವರ ಸಣ್ಣ ಅಂಗಡಿ. ಎಂಟ ಎಂಟು ಸ್ಟೂಲು. ಅಲ್ಲಿ ಮೀನಾ ಹಸೀನ ತಿಂತಾರ್ರೀ! ಒಲಿ ಮ್ಯಾಲ ಇಡೂದ ಇಲ್ಲ!"

"ಹಸಿ ಮೀನಾ? ಮಸಾಲೆ?"

"ಎಲ್ಲೀದು ಮಸಾಲಿ? ಉಪ್ಪಿಲ್ಲ, ಖಾರಿಲ್ಲ. ಕೊಯ್ಯೂದು, ಅನ್ನದ ಮ್ಯಾಲ ಇಡೂದು, ನುಂಗೂದು."

"ನೀವು ಎಂತ ತಿಂದ್ರಿ ಮತ್ತೆ?"

"ಸೌತಿಕಾಯಿ. ಅದಕ್ಕ ಅನ್ನ ಮೆತ್ತಿ, ಮ್ಯಾಲ ಕರೀ ಹಾಳಿ ಸುತ್ತಿದ್ರು. ನಾ ಹಾಳಿ ಬಿಚ್ಚಿ ಒಗದು ತಿಂದೆ."

ಹಸೈನಾರರ ತಲೆಯಲ್ಲಿ ಬಲ್ಬು ಹತ್ತಿತು. ಸಕೀನಾಳನ್ನು ಅಲ್ಲಿಗೇ ಕರೆದುಕೊಂಡು ಹೋಗುವುದು. ಉಪ್ಪಿಲ್ಲದ, ಬೇಯದ ಮೀನಿನ ಒಂದೇ ಒಂದು ತುಂಡು ಬಾಯಿಗಿಡುವುದು. ಮುಖ ಹಿಂಡುವುದು. ಆಮೇಲೆ ಕಷ್ಟದಲ್ಲಿ ತನ್ನಿಂತಾನೇ ಬಾಯಿಂದ ಬಂತು ಎನ್ನುವ ಹಾಗೆ, "ಸಕೀನಾ, ಇದರ ಎದುರು ನಿನ್ನ ಬಂಗುಡೆ ಸಾರು ಸ್ವರ್ಗ!" ಎನ್ನುವುದು. ಇದು ಕ್ಷಮೆ ಕೇಳಿದ ಹಾಗೂ ಅಲ್ಲ, ಹೊಗಳಿದ ಹಾಗೂ ಅಲ್ಲ, ಬರೀ ಹೋಲಿಕೆ. ಹೋಲಿಕೆ ಮಾಡಬಾರದೆಂದು ಅವರ ಮನೆತನದಲ್ಲಿ ಎಲ್ಲೂ ಇರಲಿಲ್ಲ. ಎರಡು ದಿನ ಬಾತ್‌ರೂಮಿನ ಕನ್ನಡಿಯ ಎದುರು ಮುಖ ಹಿಂಡುವುದನ್ನೂ, ಮಾತನ್ನೂ ಅಭ್ಯಾಸ ಮಾಡಿದರು. 'ಸ್ವರ್ಗ' ಎನ್ನುವಾಗ ನಾಲಿಗೆ ಸ್ವಲ್ಪ ತೊದಲುತ್ತಿತ್ತು. ಉಳಿದದ್ದು ಸರಿಯಿತ್ತು.

"ಹೊರಗೆ ತಿನ್ನಲಿಕ್ಕಾ? ನೀವಾ ಕರಕೊಂಡು ಹೋಗುವುದು?" ಎಂದು ಸಕೀನಾ ಅವರ ಹಣೆ ಮುಟ್ಟಿ ನೋಡಿದ್ದರು. ಜ್ವರ ಇರಲಿಲ್ಲ. ಹಾಗಾಗಿ ಶನಿವಾರ ಸಂಜೆ ನಾಲ್ಕು ಗಂಟೆಗೆ, ಚೀಸಿನ ಚಕ್ರಗಳನ್ನೂ ಆಲಿವ್ ಹಣ್ಣಿನ ಪೀಪಾಯಿಗಳನ್ನೂ ಖರ್ಜೂರದ ಗುಡ್ಡಗಳನ್ನೂ ದಾಟಿ, ಮೂಲೆಯ ಆ ಎಂಟು ಸ್ಟೂಲುಗಳ ಪೈಕಿ ಎರಡನ್ನು ಇಬ್ಬರೂ ಏರಿದ್ದರು. ಬಟ್ಟೆಯ ಪ್ರಕರಣ ನಡೆದದ್ದು ಆಮೇಲೆ.

ಈಗ ಹಸೈನಾರರಿಗೆ ಹೋದ ಮರ್ಯಾದೆಯನ್ನು ವಾಪಸು ತರಿಸಿಕೊಳ್ಳಬೇಕಿತ್ತು. ಗಾಜಿನ ಪೆಟ್ಟಿಗೆಯೊಳಗೆ ಕೆಂಪಗೆ, ಕಿತ್ತಳೆ ಬಣ್ಣಕ್ಕೆ ಮೀನಿನ ತುಂಡುಗಳು ಇಟ್ಟಿಗೆಗಳಂತೆ ಒಪ್ಪವಾಗಿ ಕೂತಿದ್ದವು. ಹಸೈನಾರ್ ಬಾಗಿ, ಮಂಗಳೂರಿನ ದೋಣಿ ದಕ್ಕೆಯಲ್ಲಿ ಮೀನಿನ ಬುಟ್ಟಿಯ ಮುಂದೆ ಕೂತವರ ಗತ್ತಿನಲ್ಲಿ ಕೇಳಿದರು.

"ಬ್ರದರ್, ಹೆಡ್ ವೇರ್?"

"ನೋ ಹೆಡ್, ಸರ್," ಮಾಸ್ಕಿನ ಹಿಂದಿನಿಂದ ಉತ್ತರ ಬಂತು.

"ತಲೆ ಇಲ್ಲ ಅಂತೆ!" ಹಸೈನಾರ್ ವಿಜಯದಿಂದ ಸಕೀನಾಳ ಕಡೆಗೆ ತಿರುಗಿದರು. "ತಲೆ ಇಲ್ಲದಿದ್ದರೆ ಕಿವಿರು ನೋಡುವುದು ಹೇಗೆ? ಕಿವಿರು ನೋಡದೆ ಮೀನು ತಿನ್ನುವುದು ಹೇಗೆ? ಇದು ಯಾವಾಗ ಸತ್ತದ್ದು ಅಂತ ಯಾರಿಗೆ ಗೊತ್ತು?"

"ಮೆಲ್ಲ ಮಾತಾಡಿ."

"ಅವನಿಗೆ ನಮ್ಮ ಭಾಷೆ ಎಲ್ಲಿ ಗೊತ್ತಾಗ್ತದೆ? ಬ್ರದರ್, ಒನ್ ಪ್ರೆಸ್? ಫಿಂಗರ್ ಪ್ರೆಸ್?" ಎನ್ನುತ್ತಾ ಹಸೈನಾರ್ ಮೀನನ್ನು ಒತ್ತಿ ನೋಡಲು ತೋರುಬೆರಳು ಚಾಚಿದರು. ಬೆರಳು ಗಾಜಿಗೆ ತಾಗಿ ಟಣ್ ಎಂದಿತು. ಬಾಣಸಿಗ ಒಂದು ಚಿಕ್ಕ ಬಟ್ಟೆಯಿಂದ ಗಾಜಿನ ಮೇಲಿನ ಬೆರಳಚ್ಚನ್ನು ಒರೆಸಿದ. ಮತ್ತೆ ಒಂದು ಹಿಡಿ ಅನ್ನ ತೆಗೆದು, ಎರಡು ಬೆರಳಿನಲ್ಲಿ ಏನೋ ಮೋಡಿ ಮಾಡಿ, ಮೇಲೆ ಕಿತ್ತಳೆ ಬಣ್ಣದ ತುಂಡೊಂದನ್ನು ಹೊದೆಸಿ ಹಸೈನಾರರ ಮುಂದಿಟ್ಟ.

ಆ ಗಳಿಗೆ ಬಂದೇ ಬಂತು. ಹಸೈನಾರ್ ಬಿಸ್ಮಿ ಹೇಳಿ, ಕಣ್ಣು ಮುಚ್ಚಿ ತುಂಡನ್ನು ಬಾಯಿಗಿಟ್ಟರು. ತಣ್ಣಗೆ, ನುಣ್ಣಗೆ ಏನೋ ಜಾರಿತು. ಮುಖ ಹಿಂಡಲು ಕೆನ್ನೆಯನ್ನು ಸಿದ್ಧಪಡಿಸಿಕೊಂಡು ಕಣ್ಣು ತೆರೆದರೆ, ಒಂದೇ ಗೇಣು ದೂರದಲ್ಲಿ ಬಾಣಸಿಗ. ಕೈಯಲ್ಲಿ ಮೊಳದುದ್ದದ ಚೂರಿ. ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾ ಕೇಳಿದ.

"ಗುಡ್, ಸರ್?"

ಇಲ್ಲಿ ಒಂದು ಮಾತು ಹೇಳಬೇಕು. ಹಸೈನಾರರದ್ದು ಈ ನೆಲದಲ್ಲಿ ಇಪ್ಪತ್ತೆಂಟು ವರ್ಷದ ಚಾಕರಿ. ಅಷ್ಟು ವರ್ಷಗಳಲ್ಲಿ ಈಜಿಪ್ಟಿನವರು, ಲೆಬನಾನಿನವರು, ಕೇರಳದವರು ಎಂದು ಒಂಬತ್ತು ಮ್ಯಾನೇಜರುಗಳು ಬಂದು ಹೋಗಿದ್ದಾರೆ. ಎಲ್ಲರೂ ಹೊಸ ಕಪಾಟನ್ನೋ ಹೊಸ ರಿಜಿಸ್ಟರನ್ನೋ ತೋರಿಸಿ ಕೇಳಿದ್ದು ಇದೇ ಒಂದು ಪ್ರಶ್ನೆ. ಡಾಕ್ಟರು ಮೊಣಕಾಲಿಗೆ ಸುತ್ತಿಗೆ ಬಡಿದರೆ ಕಾಲು ತಾನಾಗಿ ಹಾರುವುದಿಲ್ಲವೇ? ಹಾಗೆ ಹಸೈನಾರರ ಬಾಯಿಂದ ಉತ್ತರ ಹಾರಿತು.

"ವೆರಿ ಗುಡ್! ಎಕ್ಸಲೆಂಟ್! ನಂಬರ್ ಒನ್!"

ಜೊತೆಗೆ ಬಲಗೈಯ ಹೆಬ್ಬೆರಳೂ ಎದ್ದು ನಿಂತಿತು.

ಮಾರ್ಕೆಟಿನ ಗದ್ದಲವೆಲ್ಲ ನಿಂತುಹೋದ ಹಾಗೆ ಅವರಿಗೆ ಅನಿಸಿತು. ಪಕ್ಕದ ಸ್ಟೂಲು ಕಿರ್ರೆಂದಿತು. ಸಕೀನಾ ನಿಧಾನವಾಗಿ, ಕೋಟೆಯ ಮೇಲಿನ ಫಿರಂಗಿ ತಿರುಗಿದ ಹಾಗೆ, ಈ ಕಡೆ ತಿರುಗಿದರು.

"ಎಂತ ಹೇಳಿದ್ದು ನೀವು?"

"ಎಂಥದೂ ಇಲ್ಲ."

"ನಂಬರ್ ಒನ್ ಅಂತ ಕೇಳಿತು ನನಗೆ."

"ಅದು ಸುಳ್ಳು ಸಕೀನಾ! ಅವ ಚೂರಿ ಹಿಡಕೊಂಡು ಕೇಳಿದರೆ ಬೇರೆ ಎಂತ ಹೇಳುವುದು? ಎಂಥದು ರುಚಿ ಇದಕ್ಕೆ? ಒದ್ದೆ ಸಾಬೂನು ನುಂಗಿದ ಹಾಗೆ ಉಂಟು. ಉಪ್ಪಿಲ್ಲ, ಹುಳಿ ಇಲ್ಲ. ಇವನಿಗೆ ಅಡಿಗೆ ಕಲಿಸಿದವ ಯಾರು ಅಂತ. ಊರಿನಲ್ಲಿ ಬೆಕ್ಕಿಗೆ ಹಾಕಿದರೂ ಒಲೆಯ ಹತ್ತಿರ ತಕ್ಕೊಂಡು ಹೋಗಿ..."

"ಸಾಬೂನು ಅಲ್ಲ ಅಣ್ಣ," ಬಾಣಸಿಗ ಚೂರಿ ಒರೆಸುತ್ತಾ ಹೇಳಿದ. "ಅದು ಸಾಲ್ಮನ್."

ಮಾಸ್ಕು ಕೆಳಗೆ ಜಾರಿತು. ಅದರ ಹಿಂದೆ ಜಪಾನು ಇರಲಿಲ್ಲ, ಮೂಲ್ಕಿ ಇತ್ತು. ಹೆಸರು ಕಾಸ್ಮಿರ್. ಫಿಲಿಪ್ಪೀನ್ಸಿನ ಒಬ್ಬ ಗುರುವಿನ ಕೈಕೆಳಗೆ ಪಳಗಿ, ಏಳು ವರ್ಷದಿಂದ ಈ ಕೌಂಟರಿನ ಹಿಂದೆ ನಿಂತಿದ್ದ.

"ಮೊದಲೇ ಹೇಳಬಾರದಾ ಮಾರಾಯ?" ಹಸೈನಾರರ ಕಿವಿ ಪೆಟ್ಟಿಗೆಯ ಕೆಂಪು ಮೀನಿನ ಬಣ್ಣಕ್ಕೆ ಬಂದಿತ್ತು.

"ಹೇಳುವ ಅಂತ ಇದ್ದೆ ಅಣ್ಣ. ಅಷ್ಟರಲ್ಲಿ ನೀವು ಟವೆಲ್ ತಿನ್ಲಿಕ್ಕೆ ಶುರು ಮಾಡಿದ್ರಿ. ಮತ್ತೆ ನನಗೆ ಧೈರ್ಯ ಬರಲಿಲ್ಲ."

ಸಕೀನಾ ನಕ್ಕರು. ಇಪ್ಪತ್ತೆರಡು ದಿನಗಳಲ್ಲಿ ಮೊದಲ ಸಲ. ಆ ನಗುವಿಗೆ ಕಾರಣ ತಾನೇ ಎಂದು ಹಸೈನಾರ್ ಹೆಮ್ಮೆಪಡಬಹುದಿತ್ತು, ಪಡಲಿಲ್ಲ.

ಆಮೇಲೆ ಅವರನ್ನು ಕೇಳುವವರು ಯಾರೂ ಇರಲಿಲ್ಲ. ಸಕೀನಾ ಒಂದೊಂದೇ ತುಂಡನ್ನು, ಮದುವೆ ಮನೆಗೆ ಚಿನ್ನ ಆರಿಸುವವರ ಗಾಂಭೀರ್ಯದಲ್ಲಿ ನೋಡಿ ತಿಂದರು. ಪಕ್ಕದಲ್ಲಿದ್ದ ಹಸಿರು ಮುದ್ದೆಯನ್ನು, "ಮೂಗಿಗೆ ಹೋಗ್ತದೆ ಅಕ್ಕ, ಸ್ವಲ್ಪ ಸ್ವಲ್ಪ" ಎಂದು ಕಾಸ್ಮಿರ್ ಹೇಳುವಷ್ಟರಲ್ಲಿ ಪೂರ್ತಿ ಬಾಯಿಗೆ ಹಾಕಿ, "ಸಾಸಿವೆಯ ಹಾಗೆ ಉಂಟು" ಎಂದರು. ಕಣ್ಣಲ್ಲಿ ಹನಿ ನೀರಿಲ್ಲ. ಇಪ್ಪತ್ತೇಳು ವರ್ಷ ಬಾಣಲೆಯ ಮುಂದೆ ನಿಂತು ಮೆಣಸು ಹುರಿದವರು. ಕಾಸ್ಮಿರ್ ಬೆಪ್ಪಾಗಿ ನೋಡಿದ.

"ಅನ್ನ ಯಾರು ಮಾಡಿದ್ದು?" ಸಕೀನಾ ಕೇಳಿದರು.

"ನಾನೇ ಅಕ್ಕ."

"ಚೆನ್ನಾಗಿದೆ. ಒಂದಕ್ಕೊಂದು ಅಂಟಿದರೂ ಕಾಳು ಕಾಳು ಬೇರೆ ಉಂಟು. ತುಂಬಾ ಚೆನ್ನಾಗಿದೆ."

ಕಾಸ್ಮಿರನ ಚೂರಿ ನಿಂತಿತು. "ಏಳು ವರ್ಷ ಆಯ್ತು ಅಕ್ಕ," ಎಂದ. "ಎಲ್ಲರೂ ಮೀನಿನ ಫೋಟೋ ತೆಗೀತಾರೆ. ಅನ್ನದ ಬಗ್ಗೆ ಒಬ್ಬರೂ ಹೇಳಿದ್ದಿಲ್ಲ. ಅದನ್ನು ಕಲೀಲಿಕ್ಕೇ ನನಗೆ ಎರಡು ವರ್ಷ ಹಿಡೀತು." ಅವನು ಆ ಕಡೆ ತಿರುಗಿ ಸುಮ್ಮನೆ ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡ.

ಹಸೈನಾರ್ ನೋಡುತ್ತಲೇ ಇದ್ದರು. ಆ ಪದ ಸಕೀನಾಳ ಬಾಯಿಂದ ಎಷ್ಟು ಸಲೀಸಾಗಿ ಹೊರಬಿತ್ತು! ಸ್ಟೋರಿನಿಂದ ಒಂದು ಸ್ಕ್ರೂ ಹೊರಗೆ ಹೋಗಬೇಕಾದರೂ ಚೀಟಿ ಬೇಕು, ಎರಡು ಸಹಿ ಬೇಕು. ಇವರು ಚೀಟಿಯಿಲ್ಲ, ಸಹಿಯಿಲ್ಲ, ಎತ್ತಿ ಕೊಟ್ಟೇಬಿಟ್ಟರು. ಅದೂ ಎರಡೆರಡು ಸಲ. ಈಗಲೇ ಹೇಳಿಬಿಡಬೇಕು. ಇನ್ನು ಒಂದು ನಿಮಿಷ ಹೋದರೆ ಆಗುವುದಿಲ್ಲ. ಸ್ಟೂಲನ್ನು ಎರಡೂ ಕೈಯಿಂದ ಹಿಡಿದು ನಿಲ್ಲಿಸಿ, ಸಕೀನಾಳ ಕಡೆಗೆ ಬಾಗಿ, ಕಂಠಪಾಠ ಮಾಡಿದ್ದನ್ನು ಶುರುಮಾಡಿದರು.

"ಸಕೀನಾ, ಇದರ ಎದುರು ನಿನ್ನ..."

"ಅಣ್ಣನಿಗೆ ಹಸಿ ಆಗುವುದಿಲ್ಲ, ಅಲ್ವಾ? ಸುಟ್ಟು ಕೊಡ್ತೇನೆ," ಎಂದು ಕಾಸ್ಮಿರ್ ಬೆಂಕಿ ಉಗುಳುವ ಸಣ್ಣ ಗ್ಯಾಸ್ ಬಂದೂಕೊಂದನ್ನು ತೆಗೆದು ಮೀನಿನ ಮೇಲೆ ಬಿಟ್ಟ. ಭುಸ್ಸೆಂಬ ಆ ಸದ್ದಿನಲ್ಲಿ ಬಂಗುಡೆ, ಸಾರು, ಸ್ವರ್ಗ ಮೂರೂ ಭಸ್ಮವಾದವು.

"ಎಂತ?" ಸಕೀನಾ ಕೇಳಿದರು.

"ಎಂಥದೂ ಇಲ್ಲ."

ಸುಟ್ಟ ಮೀನು ಬಂತು. ಹಸೈನಾರ್ ಕೋಪದಲ್ಲಿ ಅದನ್ನು ನುಂಗಿದರು. ನುಂಗಿದ ಮೇಲೆ ರುಚಿಯಾಗಿತ್ತೆಂದು ಗೊತ್ತಾಗಿ ಇನ್ನಷ್ಟು ಕೋಪ ಬಂತು. ಅವರು ಖರ್ಜೂರದ ಅಂಗಡಿಯ ಕಡೆ ತಿರುಗಿ ಕೂತರು. ಬೆನ್ನ ಹಿಂದೆ ಅವರಿಬ್ಬರ ಮಾತು ಸಾಗಿತ್ತು: ಕಾಸ್ಮಿರನ ವಾಸ ಮುಐದರ್‌ನಲ್ಲಂತೆ, ಇಸ್ಮಾಯಿಲನ ಬೀದಿಯಲ್ಲೇ, ಎಂಟು ಮಂದಿಯ ಒಂದು ವಿಲ್ಲಾ, ಮಂಗಳವಾರ ಅವನಿಗೆ ರಜೆಯಂತೆ, ಆ ದಿನ ಜಪಾನನ್ನು ಬದಿಗಿಟ್ಟು ರೂಮಿನವರಿಗೆಲ್ಲ ಏನೋ ಅಡಿಗೆ ಮಾಡುತ್ತಾನಂತೆ, ಅಮ್ಮ ಊರಿನಿಂದ ಬಾಟಲಿಯಲ್ಲಿ ಅರೆದ ಖಾರ ಕಳಿಸುತ್ತಾಳಂತೆ. ಇಂಥ ಹರಟೆಯನ್ನು ಕೇಳಿಸಿಕೊಳ್ಳುವ ವ್ಯವಧಾನ ಹಸೈನಾರರಿಗೆ ಇರಲಿಲ್ಲ. ಅವರು ಖರ್ಜೂರದ ಡಬ್ಬಗಳನ್ನು ಎಣಿಸುತ್ತಿದ್ದರು. ಸಕೀನಾ ಫೋನ್ ನಂಬರು ಬರೆದುಕೊಂಡದ್ದೂ ಅವರು ನೂರ ಹದಿನಾಲ್ಕನೇ ಡಬ್ಬದಲ್ಲಿದ್ದಾಗಲೇ.

ಕಾರು ಮೂರು ಸಿಗ್ನಲ್ ದಾಟಿತು. ನಾಲ್ಕನೆಯದು ಕೆಂಪಾದಾಗ ಸಕೀನಾ ಎದುರಿನ ಗಾಜನ್ನು ನೋಡುತ್ತಾ ಹೇಳಿದರು.

"ಇಪ್ಪತ್ತೇಳು ವರ್ಷ ನಾನು ಕಾದೆ. ಮೂರು ಶಹಬ್ಬಾಸ್. ಒಟ್ಟಿಗೆ. ಇಂಗ್ಲಿಷಿನಲ್ಲಿ. ಹಸಿ ಮೀನಿಗೆ."

ಹಸೈನಾರ್ ಬಾಯಿ ತೆರೆದರು. ಹಿಂದಿನ ಕಾರು ಹಾರ್ನ್ ಹೊಡೆಯಿತು. ಸಿಗ್ನಲ್ ಹಸಿರಾಗಿತ್ತು.

ಭಾನುವಾರ ದಾಲ್. ಸೋಮವಾರ ಕ್ಯಾಬೇಜು. ಆದರೆ ಹಸೈನಾರ್ ಈಗ ಬೇರೆ ಮನುಷ್ಯನಾಗಿದ್ದರು. ಕಾಸ್ಮಿರ್ ಮುಖ ತೊಳೆದುಕೊಂಡದ್ದು ಕಣ್ಣಿನಿಂದ ಹೋಗುತ್ತಿರಲಿಲ್ಲ. ಎರಡು ವರ್ಷ ಕಲಿತ ಅನ್ನಕ್ಕೆ ಏಳು ವರ್ಷ ಕಾದವನು ಹಾಗಾದರೆ, ಇಪ್ಪತ್ತೇಳು ವರ್ಷ ಕಾದವಳು? ಸ್ಟೋರಿನ ಏಣಿಯ ಮೇಲೆ ನಿಂತು, ಡಕ್ಟ್ ಟೇಪಿನ ಸುರುಳಿಗಳಿಗೆ, "ಚೆನ್ನಾಗಿದೆ. ತುಂಬಾ ಚೆನ್ನಾಗಿದೆ" ಎಂದು ಹೇಳಿ ಅಭ್ಯಾಸ ಮಾಡಿದರು. ಕೆಳಗೆ ನಿಂತಿದ್ದ ಬಸವಲಿಂಗ, "ಹೌದ್ರೀ ಸಾಹೇಬ್ರ, ಟೇಪ ಭಾಳ ಚಲೋ ಐತಿ, ಇಳೀರಿ ಕೆಳಗ" ಎಂದ.

ಮಂಗಳವಾರ ಮೂರೂವರೆಗೆ ಅವರು ಮನೆಗೆ ಬಂದಾಗ ಕಟ್ಟಡದ ಕೆಳಗಿನಿಂದ ಇಸ್ಮಾಯಿಲನ ಕಾರು ಹೊರಡುತ್ತಿತ್ತು. ಕೈ ಬೀಸಿ, ನಿಲ್ಲಿಸದೆ ಹೋದ. ಹಸೈನಾರ್ ರೂಢಿಯಂತೆ ಮೂರನೇ ಮಹಡಿಯಲ್ಲಿ ಇಳಿದು ಮೂಗು ಎತ್ತಿದರು. ಬಂಗುಡೆ! ಆದರೆ ಮಲಯಾಳಿಗಳ ಬಾಗಿಲಿನಿಂದ ಅಲ್ಲ. ಮೇಲಿನಿಂದ. ನಾಲ್ಕನೇ ಮಹಡಿಯಲ್ಲಿ ವಾಸನೆ ದಟ್ಟವಾಯಿತು. ಐದರಲ್ಲಿ ಅದು ಅವರದೇ ಬಾಗಿಲಿನ ಸಂದಿನಿಂದ ಬರುತ್ತಿತ್ತು. ಕೀಲಿ ತಿರುಗಿಸಿ ಒಳಗೆ ನುಗ್ಗಿದರು.

ಟೇಬಲಿನ ಮೇಲೆ ಕುಚ್ಚಲಕ್ಕಿ ಅನ್ನ. ಅದರ ಪಕ್ಕ ಪಾತ್ರೆ ತುಂಬ ಕೆಂಪು ಬಂಗುಡೆ ಸಾರು. ಸಿಂಕಿನ ಬದಿಯಲ್ಲಿ ನೀಲಿ ಮುಚ್ಚಳದ ದೊಡ್ಡ ಡಬ್ಬವೊಂದು ಬಾಯಿ ತೆರೆದು ಕೂತಿತ್ತು. ಅದನ್ನು ನೋಡುವ ಪುರುಸೊತ್ತು ಹಸೈನಾರರಿಗೆ ಇರಲಿಲ್ಲ.

"ಕೈ ತೊಳೆದು ಕೂತುಕೊಳ್ಳಿ," ಎಂದರು ಸಕೀನಾ.

ಮೊದಲ ತುತ್ತಿಗೇ ಹಸೈನಾರರ ಕಣ್ಣು ತುಂಬಿತು. ಎರಡನೆಯದಕ್ಕೆ ಗಂಟಲಿನ ಆ ಹಳೆಯ ಮುಳ್ಳು ಸಡಿಲವಾಯಿತು. ಮೂರನೆಯದಕ್ಕೆ ಅಜ್ಜ, ತಂದೆ, ಕೆಮ್ಮು, ಹ್ಞೂಂ ಎಲ್ಲವೂ ಕೊಚ್ಚಿಕೊಂಡು ಹೋದವು.

"ಚೆನ್ನಾಗಿದೆ ಸಕೀನಾ," ಎಂದರು. ಏನೂ ಆಗಲಿಲ್ಲ, ಮನೆಯ ಮಾಡು ಕೆಳಗೆ ಬೀಳಲಿಲ್ಲ. ಧೈರ್ಯ ಬಂತು. "ತುಂಬಾ ಚೆನ್ನಾಗಿದೆ! ಇಂಥ ಸಾರು ನಾನು ಹುಟ್ಟಿದ ಮೇಲೆ ತಿಂದದ್ದಿಲ್ಲ. ಉಪ್ಪು ಸರಿ, ಹುಳಿ ಸರಿ, ಖಾರ ಸರಿ. ನಂಬರ್ ಒನ್ ಅಂದರೆ ಇದು!"

ಸಕೀನಾ ಗಲ್ಲಕ್ಕೆ ಕೈಯಿಟ್ಟು ಕೇಳುತ್ತಿದ್ದರು. "ಇನ್ನೊಮ್ಮೆ ಹೇಳಿ."

ಇನ್ನೊಮ್ಮೆ ಹೇಳಿದರು.

"ನಿಮ್ಮ ಉಮ್ಮನ ಸಾರಿಗಿಂತಲೂವಾ?"

ಹಸೈನಾರ್ ಒಂದು ಕ್ಷಣ ಮಾಡಿನ ಕಡೆ ನೋಡಿ, ಮನಸ್ಸಿನಲ್ಲೇ ತಾಯಿಯ ಕ್ಷಮೆ ಕೇಳಿದರು. "ಉಮ್ಮನ ಸಾರಿಗಿಂತಲೂ."

ಸಕೀನಾಳ ಮುಖದಲ್ಲಿ ಏನೋ ಒಂದು ಬೆಳಕು ಬಂದು ಹೋಯಿತು. ಇಪ್ಪತ್ತೇಳು ವರ್ಷದ ಬಾಕಿಯೆಲ್ಲ ತೀರಿತು ಎಂದುಕೊಂಡ ಹಸೈನಾರ್, ಎಂಜಲು ಕೈಯಲ್ಲೇ ಇನ್ನೊಂದು ಬಂಗುಡೆ ಎಳೆದುಕೊಂಡು, ಗೆದ್ದವರ ಉತ್ಸಾಹದಲ್ಲಿ ಕೇಳಿದರು.

"ಆದರೆ ಇವತ್ತು ಖಾರ ಸ್ವಲ್ಪ ಬೇರೆ ಥರ ಉಂಟಲ್ಲ? ಮಸಾಲೆಗೆ ಎಂತ ಹೊಸತು ಹಾಕಿದ್ದು ನೀನು?"

"ನನಗೆ ಹೇಗೆ ಗೊತ್ತಾಗುವುದು?" ಎಂದರು ಸಕೀನಾ. "ಅದು ಕಾಸ್ಮಿರ್ ಮಾಡಿ ಕಳಿಸಿದ್ದು. ಊಟ ಆದ ಮೇಲೆ ಆ ಡಬ್ಬ ತೊಳೆದಿಡಿ, ವಾಪಸ್ ಕೊಡಲಿಕ್ಕುಂಟು."